ಕುರಿ ತೊಳೆದ ನೀರು, ಬಾಂದಾರದ ಗೇಟು

ಕಳೆದ ವರ್ಷ ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಮುಧೋಳ ತಾಲ್ಲೂಕಿನ ಒಂದು ಊರಿನ ಕೆಳಗೆ ಘಟಪ್ರಭೆಗೆ ಅಡ್ಡಲಾಗಿರುವ ಸಣ್ಣ ಬಾಂದಾರಕ್ಕೆ ಮೊದಲ ಉಕ್ಕಿನ ಗೇಟು ಇಳಿಯಿತು. ಅದರ ಮೇಲೆ ಡಾಂಬರು ಇರಲಿಲ್ಲ, ಪೇಟೆಯ ಬಣ್ಣವೂ ಇರಲಿಲ್ಲ. ಹುಣಸೆ ಬೀಜದ ಸಿಪ್ಪೆಯ ಕಷಾಯ, ಅಗಸೆ ಎಣ್ಣೆ, ಅಂಚುಗಳಿಗೆ ಕುರಿಯ ಉಣ್ಣೆಯ ಜಿಡ್ಡು, ಇಷ್ಟೇ ಇತ್ತು. ಆ ಕೆಲಸ ಜೂನ್‌ನಲ್ಲಿ ಶುರುವಾಗಿತ್ತು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬಾಂದಾರ ಎಂದರೆ ನದಿಗೆ ಅಡ್ಡಲಾಗಿ ನಿಂತ ಕಂಬಗಳ ಸಾಲು. ಪ್ರತಿ ಕಂಬದ ಮಗ್ಗುಲಿಗೆ ಮೇಲಿನಿಂದ ಕೆಳಗಿನವರೆಗೆ ಕೊರೆದ ಸಂದುಗಳಿರುತ್ತವೆ. ಮಳೆಗಾಲ ಮುಗಿದು ಹರಿವು ಇಳಿದಾಗ ಆ ಸಂದುಗಳಲ್ಲಿ ಉಕ್ಕಿನ ಗೇಟುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಎರಡು ಸಾಲು ಗೇಟು, ನಡುವೆ ಮಣ್ಣು. ಹಿಂದೆ ನೀರು ನಿಲ್ಲುತ್ತದೆ. ಜೂನ್‌ನಲ್ಲಿ ಹೊಳೆ ಬರುವ ಮೊದಲು ಎಲ್ಲವನ್ನೂ ಎತ್ತಿ ದಂಡೆಯ ಮೇಲೆ ಒಟ್ಟುತ್ತಾರೆ. ಅಂದರೆ ಗೇಟಿಗೆ ವರ್ಷದ ದೊಡ್ಡ ಪಾಲು ನೀರಿನಲ್ಲಿ, ಉಳಿದದ್ದು ಮಳೆಯಲ್ಲಿ. ತುಕ್ಕಿಗೆ ಇದಕ್ಕಿಂತ ಅನುಕೂಲದ ಸಂಸಾರ ಬೇರೆ ಬೇಕಿಲ್ಲ.

ನಾನು ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಕಾರ್ಖಾನೆಯ ಪೈಪು, ಟ್ಯಾಂಕುಗಳ ತುಕ್ಕು ನೋಡುವುದೇ ನಮ್ಮ ಕೆಲಸ. ಜೂನ್‌ನಲ್ಲಿ ಒಂದು ದಿನ ನಮ್ಮಲ್ಲಿಗೆ ಕಬ್ಬು ಹಾಕುವ ರೈತರೊಬ್ಬರು ಬಂದು ಬಾಗಿಲಲ್ಲೇ ಮಾತು ಶುರು ಮಾಡಿದರು. ಅವರಿಗೆ ಊರಲ್ಲಿ ಬೆಲ್ಲದ ಗಾಣವೂ ಇದೆ, ಬಾಂದಾರದ ಕಮಿಟಿಯಲ್ಲಿ ಸದಸ್ಯತ್ವವೂ ಇದೆ.

"ಅಕ್ಕಾರ, ನೀವು ಒಮ್ಮಿ ನಮ್ಮೂರಿಗೆ ಬಂದು ಒಂದ ಮಾತ ಹೇಳಿ ಹೋಗ್ರಿ. ಡಾಂಬರ ಛಲೋ ಅಂತ. ಬ್ಯಾರೇನೂ ಬ್ಯಾಡ. ಚಾ ನಂದು."

"ಯಾರಿಗೆ ಹೇಳಬೇಕ್ರೀ?" ಎಂದೆ.

"ನಮ್ಮ ಅಧ್ಯಕ್ಷಗ. ಕುರಿ ಮಾತ ಕೇಳಿ ಕಮಿಟಿ ನಡಸಾಕತ್ತಾನ."

ಊರಿಗೆ ಹೋದಾಗ ವಿಷಯ ಗೊತ್ತಾಯಿತು. ಹಿಂದಿನ ವರ್ಷ ಗೇಟುಗಳಿಗೆ ಡಾಂಬರು ಬಳಿದಿದ್ದರು. ಬೇಸಿಗೆಯಲ್ಲಿ ನೀರು ತಗ್ಗಿ ಗುಂಡಿಯಷ್ಟು ಉಳಿದಾಗ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಕಮಿಟಿಯ ಅಧ್ಯಕ್ಷರು ಕುರಿ ಸಾಕುವ ಮನೆತನದವರು, ಬೀರೇಶ್ವರನ ಒಕ್ಕಲು. ಅವರ ಹಿಂಡು ಆ ನೀರನ್ನು ಮೂಸಿ ಹಿಂದೆ ಸರಿಯಿತು. ಅವರು ಬೇಸಿಗೆಯುದ್ದಕ್ಕೂ ಹಿಂಡನ್ನು ಬೇರೆ ಊರಿನ ದಂಡೆಗೆ ಹೊಡೆದುಕೊಂಡು ಹೋಗಿ ಕುಡಿಸಿದರು.

ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿತು. ಅಧ್ಯಕ್ಷರು ಹೆಗಲ ಕಂಬಳಿಯನ್ನು ಸರಿಮಾಡಿಕೊಂಡು ಹೇಳಿದರು: "ಅಕ್ಕಾರ, ಕುರಿ ಸಾಲಿ ಕಲ್ತಿಲ್ಲ. ಆದ್ರ ಮೂಗ ಐತಿ. ಅದು ಒಲ್ಲೆ ಅಂದ ನೀರ ನಮ್ಮ ಮನಿ ಕೊಡಕ್ಕ ಬರತೈತಿ."

ನನ್ನನ್ನು ಕರೆತಂದ ಕಬ್ಬಿನ ರೈತರು ಬಿಡಲಿಲ್ಲ. "ಡಾಂಬರ ಬಳದ್ರ ಗೇಟ ಉಳೀತಾವು. ಕುರಿ ಬ್ಯಾರೆ ಕಡೆ ಕುಡೀತಾವು. ಗೇಟಿಗೆ ಬ್ಯಾರೆ ಕಡೆ ಹೋಗಾಕ ಕಾಲಿಲ್ಲಪಾ."

ಎಲ್ಲರೂ ನಕ್ಕರು, ಅಧ್ಯಕ್ಷರೂ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ತಿಳಿದದ್ದನ್ನಷ್ಟೇ ಹೇಳಿದೆ. ಡಾಂಬರು ತುಕ್ಕನ್ನು ತಡೆಯುತ್ತದೆ, ಅದು ನಿಜ. ಅದರಿಂದ ನೀರಿಗೆ ಇಳಿಯುವ ಕೆಲವು ವಸ್ತುಗಳು ಒಳ್ಳೆಯವಲ್ಲ, ಅದೂ ನಿಜ. ಈ ನೀರನ್ನು ನಾನು ಪರೀಕ್ಷಿಸಿಲ್ಲ. ಬೇರೆ ದಾರಿ ಇದೆ. ಗಿಡದ ಒಗರಿನಿಂದ, ಅಂದರೆ ಟ್ಯಾನಿನ್‌ನಿಂದ, ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಕಟ್ಟಿಹಾಕಿ, ಮೇಲೆ ಒಣಗುವ ಎಣ್ಣೆ ಕೊಡುವುದು. ಪ್ರಯೋಗಾಲಯದಲ್ಲಿ ಅಂಗೈಯಗಲದ ತುಂಡುಗಳ ಮೇಲೆ ಮಾಡಿದ್ದೇನೆ. ಹೊಳೆಯಲ್ಲಿ ಮಾಡಿಲ್ಲ.

"ಅಂದ್ರ ಗ್ಯಾರಂಟಿ ಇಲ್ಲ," ಎಂದರು ಕಬ್ಬಿನ ರೈತರು.

"ಇಲ್ಲ," ಎಂದೆ.

"ಕೇಳಿದ್ರಿಲ್ಲೋ!" ಎಂದು ಅವರು ಸಭೆಯ ಕಡೆ ತಿರುಗಿದರು.

ಅಧ್ಯಕ್ಷರು ಎದ್ದು ನಿಂತರು. "ಒಂದ ವರ್ಷ ನನಗ ಕೊಡ್ರಿ. ಮುಂದಿನ ಜೂನ್‌ದಾಗ ಗೇಟ ಎತ್ತಿದಾಗ ತುಕ್ಕ ತಿಂದಿತ್ತಂದ್ರ ನಾನು ಈ ಕುರ್ಚಿ ಬಿಟ್ಟ ಇಳೀತೇನಿ. ಡಾಂಬರ ನೀವ ಬಳೀರಿ, ನಾ ಬಾಯಿ ತಗಿಯಂಗಿಲ್ಲ. ಕುರಿ ಹೊಡಕೊಂಡ ನಾ ಬ್ಯಾರೆ ದಂಡಿಗೆ ಹೊಕ್ಕೇನಿ."

ಅವರ ಮನೆತನದಲ್ಲಿ ಗುಡಿಯ ಕಟ್ಟೆಯ ಮೇಲೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದು ಪಕ್ಕದಲ್ಲಿದ್ದವರು ನನಗೆ ಪಿಸುಗುಟ್ಟಿದರು. ಕಮಿಟಿ ಒಪ್ಪಿತು. ಕಾರ್ಖಾನೆಯವರು ವಾರಕ್ಕೊಂದು ದಿನ ಅಲ್ಲಿಗೆ ಹೋಗಲು ನನಗೆ ಅನುಮತಿ ಕೊಟ್ಟರು.

ಒಗರು ಎಲ್ಲಿಂದ ತರುವುದು ಎಂಬುದು ಮೊದಲ ಪ್ರಶ್ನೆ. ಜಾಲಿಯ ತೊಗಟೆ ಆಗುತ್ತದೆ, ಆದರೆ ಅದಕ್ಕೆ ಗಿಡ ಕಡಿಯಬೇಕು. ಉತ್ತರ ಅಧ್ಯಕ್ಷರ ಅಕ್ಕನ ಅಂಗಳದಲ್ಲೇ ಬಿದ್ದಿತ್ತು. ಆ ಅಜ್ಜಿಯ ಮನೆಯಲ್ಲಿ ಇಂದಿಗೂ ಕಂಬಳಿ ನೇಯುತ್ತಾರೆ. ನೂಲು ಬಿಗಿಯಾಗಲು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ಮಾತ್ರ ಅರೆಯುತ್ತಾರೆ. ಸಿಪ್ಪೆಯೆಲ್ಲ ತಿಪ್ಪೆಗೆ. ಒಗರು ಇರುವುದು ಆ ಸಿಪ್ಪೆಯಲ್ಲೇ.

"ಸಿಪ್ಪಿ ಬೇಕಾ ಯವ್ವಾ ನಿನಗ?" ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇಷ್ಟ ಓದಿ ಸಿಪ್ಪಿ ಕೇಳಾಕ ಬಂದಿ? ಒಯ್ಯಿ. ಚೀಲ ಮಾತ್ರ ವಾಪಸ್ ಕೊಡು."

ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ, ಮರುದಿನ ಕುದಿಸಿ, ಬಟ್ಟೆಯಲ್ಲಿ ಸೋಸಿ ಇಡಿ ಎಂದು ಹೇಳಿ ಬಂದೆ. ಮುಂದಿನ ವಾರ ಹೋದಾಗ ಕಬ್ಬಿನ ರೈತರ ಗಾಣದ ಅಂಗಳದಲ್ಲಿ ಸೌದೆಯ ಹೊಗೆ ಇನ್ನೂ ಆಡುತ್ತಿತ್ತು. ಅವರೇ ಎದುರು ಬಂದರು. ವಿರೋಧ ಬೇರೆ, ಕೆಲಸ ಬೇರೆ ಎನ್ನುವ ಜನ. "ಅಕ್ಕಾರ, ನಿಮ್ಮ ಕಷಾಯ ಎಂಥಾದ ಆಗೇತಿ ನೋಡ ಬರ್ರಿ. ಕಾಡಿಗಿ ಕಾಡಿಗಿ!"

ನೋಡಿದೆ. ಶಾಯಿಯಂತೆ ಕಪ್ಪು. ಊರಿನಲ್ಲಿ ಒಮ್ಮೆಗೇ ಬಹಳ ಕುದಿಸುವುದಕ್ಕೆ ಒಂದೇ ಪಾತ್ರೆ, ಬೆಲ್ಲದ ಕಬ್ಬಿಣದ ಕಡಾಯಿ. ಬೇರೆ ಯಾವುದರಲ್ಲಿ ಕುದಿಸಬೇಕು ಎಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಗೇಟಿನ ಕಬ್ಬಿಣದ ಜೊತೆ ಸೇರಬೇಕಾಗಿದ್ದ ಒಗರೆಲ್ಲ ಕಡಾಯಿಯ ಕಬ್ಬಿಣದ ಜೊತೆ ಸೇರಿ ಮುಗಿದಿತ್ತು. ಡಾಂಬರು ಕಿತ್ತುಹೋಗಿದ್ದ ಒಂದು ಗೇಟಿಗೆ ಹಚ್ಚಿ ನೋಡಿದೆವು. ಕಪ್ಪು ನೀರು ಹರಿದುಹೋಯಿತು, ತುಕ್ಕು ಕೆಂಪಗೇ ಉಳಿಯಿತು.

ಕಡಾಯಿ ಖಾಲಿ ಮಾಡಿ ಉಜ್ಜಿದಾಗ ಒಳಮೈ ನಯವಾದ ನೀಲಿಗಪ್ಪಾಗಿತ್ತು. ಕಬ್ಬಿನ ರೈತರು ಬೆರಳಿಂದ ಒರೆಸಿ ನೋಡಿದರು. ಕೈಗೆ ಏನೂ ಹತ್ತಲಿಲ್ಲ.

"ಇದ ಕಪ್ಪ ಗೇಟಿಗೆ ಬರಬೇಕಾಗಿತ್ತೇನ್ರೀ?"

"ಹೌದ್ರೀ."

"ನನ್ನ ಕಡಾಯಿಗೆ ಬಂತು." ಅವರು ಜೋರಾಗಿ ನಕ್ಕರು. "ಅಧ್ಯಕ್ಷ, ನಿನ್ನ ಸಿಪ್ಪಿ ಮೊದಲ್ನೇ ಸೇವಾ ನನ್ನ ಗಾಣಕ್ಕ ಮಾಡೇತಿ ನೋಡೋ!"

"ಮಾಡ್ಲಿ ಬಿಡು," ಎಂದರು ಅಧ್ಯಕ್ಷರು. "ವಿರೋಧಿ ಮನಿಯಾಗ ಸುರು ಆದ್ರ ಊರಾಗ ಮುಗೀತೈತಿ."

ಆದರೆ ಹಾಗೆಯೇ ಬಿಡುವಂತಿರಲಿಲ್ಲ. ಆ ಕಡಾಯಿಯಲ್ಲಿ ಬೆಲ್ಲ ಬೇಯಿಸಿದರೆ ಬೆಲ್ಲದ ಬಣ್ಣ ಕೆಡುತ್ತದೆ ಎಂದು ಹೇಳಿದೆ. ಅವರು ಒಂದು ದಿನವೆಲ್ಲ ಮರಳು ಹಾಕಿ ಉಜ್ಜಿಸಿದರು. ಸುಲಭಕ್ಕೆ ಬಿಡಲಿಲ್ಲ. ಲೇಪನ ಎಷ್ಟು ಗಟ್ಟಿ ಎಂಬುದಕ್ಕೆ ಅಂದು ಸಿಕ್ಕ ಮೊದಲ ಸಾಕ್ಷಿ ಅದು, ಸಾಕ್ಷಿ ಹೇಳಿದವರು ಡಾಂಬರಿನ ಪರವಾಗಿದ್ದವರು.

ಎರಡನೇ ಸಲ ಜಮಖಂಡಿಯಿಂದ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳನ್ನು ಬಾಡಿಗೆಗೆ ತಂದೆವು, ಮದುವೆ ಅಡುಗೆಯವು. ಕಷಾಯ ಇಟ್ಟಿಗೆಗೆಂಪು ಬಣ್ಣಕ್ಕೆ ಇಳಿಯಿತು. ಅಷ್ಟರಲ್ಲಿ ಗೇಟುಗಳ ಮೇಲೆ ಉಳಿದಿದ್ದ ಹಳೆ ಡಾಂಬರನ್ನು ಕೆರೆದು, ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದಿದ್ದರು. ಪೂರ್ತಿ ತೆಗೆಯಬಾರದು, ಒಗರು ಹಿಡಿಯಲು ಅಂಟಿಕೊಂಡ ತೆಳು ತುಕ್ಕು ಬೇಕು ಎಂದು ಹೇಳಿದ್ದೆ. ಆದರೂ ಇಬ್ಬರು ಹುರುಪಿನಲ್ಲಿ ಒಂದು ಗೇಟನ್ನು ಮದುವೆಯ ತಾಟಿನಂತೆ ಬೆಳಗಿಬಿಟ್ಟಿದ್ದರು. ಅದನ್ನು ಬದಿಗಿಡಲು ಯಾರಿಗೂ ಮನಸ್ಸಾಗಲಿಲ್ಲ. "ಅದ ನಮ್ಮ ಊರಿನ ಮಾನ," ಎಂದರು. ಅದಕ್ಕೂ ಎಲ್ಲದರಂತೆ ಹಚ್ಚಿದೆವು.

ಮಳೆ ಬಿಟ್ಟ ದಿನ ದಂಡೆಯ ಮೇಲೆ ಬ್ರಷ್ ಹಿಡಿದು ಕೂತೆವು. ಕಷಾಯ ಹಚ್ಚಿದ ಜಾಗ ಮೊದಲು ಕಂದು, ಆಮೇಲೆ ನೇರಳೆ, ಮಧ್ಯಾಹ್ನದ ಹೊತ್ತಿಗೆ ಕಪ್ಪು. ಕಣ್ಣೆದುರೇ ಬಣ್ಣ ತಿರುಗುವುದನ್ನು ನೋಡಲು ಊರಿನ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬಂದರು. ಒಬ್ಬರು ಹಚ್ಚಿದ ಕಡೆ ಇನ್ನೊಬ್ಬರು ಬೆರಳಿಟ್ಟು, "ಇದು ಆತು, ಇದು ಇನ್ನಾ ಹಸಿ," ಎಂದು ತೀರ್ಪು ಕೊಡುತ್ತಿದ್ದರು. ಸಂಜೆಗೆ ಎಲ್ಲರ ಉಗುರೂ ಕಪ್ಪಾಗಿತ್ತು. ಕಂಬಳಿಯ ಅಜ್ಜಿ ತಮ್ಮ ಬಿಳಿ ಕೂದಲಿನ ಒಂದು ಎಳೆಯನ್ನು ಹಿಡಿದು ಕೇಳಿದರು: "ಯವ್ವಾ, ಇದಕ್ಕೂ ಹತ್ತತೈತೇನ?"

"ನಿಮ್ಮ ತಲಿಯಾಗ ತುಕ್ಕ ಇದ್ರ ಹತ್ತತೈತ್ರೀ," ಎಂದು ಅಧ್ಯಕ್ಷರು ಅಕ್ಕನಿಗೆ ಹೇಳಿ ದೂರ ಓಡಿದರು.

ಗೇಟಿನ ಅಗಲವಾದ ಮೈಗೆ ಇದರ ಮೇಲೆ ಅಗಸೆ ಎಣ್ಣೆ ಸಾಕು ಎಂಬುದು ನನ್ನ ಲೆಕ್ಕ. ಅಂಚುಗಳ ವಿಷಯ ಬೇರೆ. ಗೇಟು ಸಂದಿನಲ್ಲಿ ಇಳಿಯುವಾಗ ಅಂಚು ಉಜ್ಜುತ್ತದೆ, ಒಣಗಿದ ಎಣ್ಣೆಯ ಪೊರೆ ಕಿತ್ತುಹೋಗುತ್ತದೆ. ಅಲ್ಲಿಗೆ ಒಣಗದೆ ಅಂಟಿಕೊಂಡೇ ಇರುವ, ನೀರಿಗೆ ಕರಗದ ಜಿಡ್ಡು ಬೇಕು. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಮತ್ತೆ ನೀರಿನ ಮೇಲೆ ಪೊರೆ. ಕುರಿಯ ಉಣ್ಣೆಯಲ್ಲಿ ಅಂಥ ಜಿಡ್ಡು ಹುಟ್ಟಿನಿಂದಲೇ ಇರುತ್ತದೆ. ಮಳೆಯಲ್ಲಿ ಕುರಿಯನ್ನು ಕಾಯುವುದು ಅದೇ. ನಮ್ಮ ನಾಡಿನ ಕುರಿಗಳಲ್ಲಿ ಅದು ಹೆಚ್ಚಿಲ್ಲ ಎಂಬುದು ಗೊತ್ತಿತ್ತು. ಅಂಚಿಗೆ ಮಾತ್ರ ಬೇಕಾದ್ದರಿಂದ ಸಾಕಾಗಬಹುದು ಅನ್ನಿಸಿತು.

"ಉಣ್ಣಿ ನಾ ಕೊಡ್ತೇನಿ," ಎಂದರು ಅಧ್ಯಕ್ಷರು. ಅವರ ಮುಖ ಅಂದು ಅರಳಿದ್ದು ನೆನಪಿದೆ. "ಬಾಂದಾರಕ್ಕ ನನ್ನ ಕುರಿ ಉಣ್ಣಿ! ಎಂಥಾ ಛಲೋ ಉಣ್ಣಿ ಕೊಡ್ತೇನಿ ನೋಡ್ರಿ."

ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕುರಿಗಳ ಉಣ್ಣೆ ಕತ್ತರಿಸಿದರು. ನಾನು ಹೋಗುವಷ್ಟರಲ್ಲಿ ಅಧ್ಯಕ್ಷರ ಪಡಸಾಲೆಯಲ್ಲಿ ಉಣ್ಣೆಯ ರಾಶಿ ಇತ್ತು. ಹಿಡಿದು ನೋಡಿದೆ. ಹೂವಿನಂತೆ ಹಗುರ. ಮೂಗಿಗೆ ಹಿಡಿದೆ. ಕುರಿಯ ವಾಸನೆಯೇ ಇಲ್ಲ. ಬೆರಳುಗಳನ್ನು ಉಜ್ಜಿದೆ. ಒಣ.

"ಇದನ್ನ ತೊಳದೀರೇನ್ರೀ?"

"ತೊಳೀಲಾರ್ದ ಕೊಡ್ತೇವೇನ್ರೀ?" ಅಧ್ಯಕ್ಷರಿಗೆ ನನ್ನ ಪ್ರಶ್ನೆಯೇ ವಿಚಿತ್ರ. "ಯಾವಾಗ್ಲೂ ಒಮ್ಮಿ ಹಳ್ಳದಾಗ ತೊಳದ ಕತ್ತರಸ್ತೇವಿ. ಈ ಸಲ ಬಾಂದಾರಕ್ಕಂತ ಎರಡ ಸಲ ತೊಳದೇವಿ. ಸೀಗಿಕಾಯಿ ಹಾಕಿ!"

ಕಟ್ಟೆಯ ಮೇಲೆ ಕೂತೆ. ಅವರು ಒಳಗಿನಿಂದ ನೀರು ತಂದು ಕೊಟ್ಟರು. ವಿಷಯ ಬಿಡಿಸಿ ಹೇಳಿದೆ. ನಮಗೆ ಬೇಕಾದ್ದು ಉಣ್ಣೆಯಲ್ಲ, ಉಣ್ಣೆಯ ಜಿಡ್ಡು. ಅದು ಈಗ ಹಳ್ಳದಲ್ಲಿ ಹೋಗಿದೆ.

ಕಬ್ಬಿನ ರೈತರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಬಂದವರೇ ರಾಶಿಗೆ ಕೈ ಹಾಕಿದರು. "ಅಹಾ, ಎಂಥಾ ಉಣ್ಣಿ! ಗೇಟಿಗೆ ಕಂಬಳಿ ಹೊಲಸಪಾ ಅಧ್ಯಕ್ಷ. ಥಂಡ್ಯಾಗ ಬೆಚ್ಚಗ ಇರ್ತಾವು."

"ನಗು ನಗು," ಎಂದರು ಅಧ್ಯಕ್ಷರು. ಆಮೇಲೆ ನನ್ನ ಕಡೆ ತಿರುಗಿ, "ಆತ್ರಿ, ಉಳದ ಹಿಂಡ ಐತಿ, ಅರ್ಧ ಇನ್ನಾ ಕತ್ತರಸಿಲ್ಲ," ಎಂದರು.

"ಹಂಗಾದ್ರ ಅವನ್ನ ತೊಳೀಬ್ಯಾಡ್ರಿ. ಹಂಗ ಕತ್ತರಸ್ರಿ."

ಅವರು ತಲೆ ಅಲ್ಲಾಡಿಸಿದರು. ಕತ್ತರಿಸಿದ ಉಣ್ಣೆಯ ಮೊದಲ ಹಿಡಿ ಬೀರೇಶ್ವರನಿಗೆ ಹೋಗುತ್ತದೆ. ತೊಳೆಯದ ಕುರಿಗೆ ಕತ್ತರಿ ಇಟ್ಟ ದಾಖಲೆ ಅವರ ಮನೆಯಲ್ಲಿಲ್ಲ. "ಬ್ಯಾರೆ ಏನ ಹೇಳ್ರಿ, ಮಾಡ್ತೇನಿ. ಇದೊಂದ ಆಗಂಗಿಲ್ರೀ ಅಕ್ಕಾರ." ಕುರ್ಚಿ ಹೋಗುವ ಮಾತು ಅವರಿಗೆ ನೆನಪಿತ್ತು. ಆದರೂ ಆಗುವುದಿಲ್ಲ ಎಂದರು. ನಾನು ಒತ್ತಾಯ ಮಾಡಲಿಲ್ಲ.

ಅಂದು ವಾಪಸ್ ಹೋಗುವ ಮುನ್ನ ಕುರಿ ತೊಳೆದ ಹಳ್ಳದ ಕಡೆ ನಡೆದೆ. ಬಂಡೆಗಳ ನಡುವೆ ನಿಂತ ನೀರಿನ ಅಂಚಿಗೆ ಹಳದಿ ನೊರೆ ಒಣಗಿ ಅಂಟಿತ್ತು. ಕಡ್ಡಿಯಿಂದ ಕೆರೆದು ಬೆರಳಿಗೆ ಹಚ್ಚಿಕೊಂಡೆ. ನೀರಲ್ಲಿ ಅದ್ದಿ ತೆಗೆದರೂ ಬೆರಳ ಮೇಲೆ ನೀರು ಹನಿಹನಿಯಾಗಿ ನಿಂತಿತು. ಅಲ್ಲೇ ತೀರ್ಮಾನವಾಯಿತು: ಉಣ್ಣೆಯನ್ನು ಬಿಡುವುದು, ತೊಳೆದ ನೀರನ್ನು ಹಿಡಿಯುವುದು. ಅವರ ಪದ್ಧತಿಯಲ್ಲಿ ಕುರಿ ತೊಳೆಯಬೇಕು ಎಂದಿದೆ. ಹಳ್ಳದಲ್ಲೇ ತೊಳೆಯಬೇಕು ಎಂದಿಲ್ಲ.

ಮರಳಿ ಹೋಗಿ ಕೇಳಿದೆ. ಅಧ್ಯಕ್ಷರು ಅಕ್ಕನ ಮುಖ ನೋಡಿದರು. ಅಜ್ಜಿ ಗಂಜಿ ಅರೆಯುವುದನ್ನು ನಿಲ್ಲಿಸದೆ ಹೇಳಿದರು: "ದೇವ್ರಿಗೆ ಕುರಿ ಮಡಿ ಇರಬೇಕು. ತೊಟ್ಟ್ಯಾಗ ಮಿಂದ್ರೇನು, ಹಳ್ಳದಾಗ ಮಿಂದ್ರೇನು? ನೀ ಹಳ್ಳದಾಗ ಮಿಂದ ಎಷ್ಟ ವರ್ಷ ಆತು?"

ಮುಂದಿನ ವಾರ ಹೋದ ದಿನದಷ್ಟು ಸಂತೋಷದ ಕೆಲಸದ ದಿನ ನನಗೆ ಬೇರೆ ಇಲ್ಲ. ಊರಲ್ಲಿ ಬಿಸಿನೀರು ಬೇಕಾದಷ್ಟು ಕಾಯುವ ಜಾಗ ಗಾಣ ಒಂದೇ. ಅಲ್ಲಿ ಸಿಮೆಂಟಿನ ತೊಟ್ಟಿಯೂ ಇತ್ತು. ಕಬ್ಬಿನ ರೈತರು ಬೀಗ ತೆಗೆದುಕೊಟ್ಟು, "ನನ್ನ ಗಾಣದಾಗ ಕುರಿ ಅಭ್ಯಂಗ. ನಮ್ಮಪ್ಪ ಇದ್ದಿದ್ರ ನನ್ನ ಒದೀತಿದ್ದ," ಎಂದರು. ನೀರು ಮೈ ಬಿಸಿಗಿಂತ ಹೆಚ್ಚಿರಬಾರದು. ತಣ್ಣಗಿದ್ದರೆ ಜಿಡ್ಡು ಬಿಡುವುದಿಲ್ಲ. ನಾನು ಥರ್ಮಾಮೀಟರ್ ಹಿಡಿದು ನಿಂತೆ. ಅಜ್ಜಿ ಮೊಣಕೈ ಅದ್ದಿ ನೋಡಿ, "ಕೂಸಿಗೆ ಎರಿಯೂ ಹದ," ಎಂದರು. ಎರಡೂ ಒಪ್ಪಿದ ಮೇಲೆ ಮೊದಲ ಕುರಿ ಇಳಿಯಿತು. ಅಂಟುವಾಳದ ನೊರೆ ಹಾಕಿ ಉಜ್ಜಿದರು.

ಕುರಿಗಳಿಗೆ ಬಿಸಿನೀರಿನ ಅನುಭವ ಅದೇ ಮೊದಲು. ಮೊದಲನೆಯದು ಗಾಬರಿಯಿಂದ ಜಿಗಿದು ಇಬ್ಬರನ್ನು ಕೆಡವಿತು. ಮೂರ್ನಾಲ್ಕು ಆದ ಮೇಲೆ ಹಿಂಡಿಗೆ ಸುದ್ದಿ ಹಬ್ಬಿತೋ ಏನೋ, ಒಂದು ಟಗರು ತೊಟ್ಟಿಯಿಂದ ಮೇಲೇಳಲು ಒಪ್ಪಲಿಲ್ಲ. ಕಣ್ಣು ಅರೆಮುಚ್ಚಿ ನಿಂತೇಬಿಟ್ಟಿತು. ಇಬ್ಬರು ಮುಂದಿನಿಂದ ಎಳೆದರು, ಒಬ್ಬರು ಹಿಂದಿನಿಂದ ನೂಕಿದರು.

"ಏಳಲೇ, ನಿನಗೊಬ್ಬಗ ಅಲ್ಲ ದೀಪಾವಳಿ!" ಎಂದು ಅಧ್ಯಕ್ಷರು ಗದರಿದರು.

"ಬಿಡಪಾ, ಮೀಲಿ," ಎಂದರು ಕಬ್ಬಿನ ರೈತರು. ಅವರೂ ಅಷ್ಟರಲ್ಲಿ ಧೋತರ ಮೇಲೆ ಕಟ್ಟಿ ತೊಟ್ಟಿಯ ಅಂಚಿಗೆ ಬಂದಿದ್ದರು. ಅವರ ಅಂಗಿ ತೊಯ್ದು ಮೈಗೆ ಅಂಟಿತ್ತು.

ಆ ಕೊಳೆ ನೀರನ್ನು ಮಣ್ಣಿನ ಕೊಡಗಳಲ್ಲಿ ತುಂಬಿ ಹುಣಸೆ ಹುಳಿ ಬೆರೆಸಿ ಇಟ್ಟೆವು. ಹುಳಿ ಸೇರಿದರೆ ಜಿಡ್ಡು ನೀರಿನಿಂದ ಬಿಡುತ್ತದೆ. ನಾನು ಒಂದು ದಿನ ರಜೆ ಹಾಕಿ ಉಳಿದೆ. ಮರುದಿನ ಮೇಲೆ ಕಂದು ಕೆನೆ ನಿಂತಿತ್ತು. ಅದನ್ನು ತೆಗೆದು, ಸಣ್ಣ ಉರಿಯಲ್ಲಿ ಕರಗಿಸಿ, ದಪ್ಪ ಬಟ್ಟೆಯಲ್ಲಿ ಸೋಸಿದೆವು. ಜೇನಿನ ಬಣ್ಣ, ಕುರಿಯ ವಾಸನೆ, ಬೆರಳಿಗೆ ಹತ್ತಿದರೆ ಬಿಡದ ಅಂಟು. ಸಿಕ್ಕಿದ್ದು ಕಡಿಮೆಯೇ. ಬೀಳಗಿ ಕಡೆಯಿಂದ ಮೇಯಿಸುತ್ತ ಬಂದ ಅಧ್ಯಕ್ಷರ ನೆಂಟರ ಹಿಂಡನ್ನೂ ತೊಳೆದ ಮೇಲೆ ಅಂಚುಗಳಿಗೆ ಸಾಕಾಗುವಷ್ಟು ಆಯಿತು.

ಉಳಿದ ನೀರನ್ನು ಎಲ್ಲಿ ಚೆಲ್ಲುವುದು ಎಂಬ ಮಾತು ಬಂತು. ಕುರಿಯ ಬೆವರಿನಲ್ಲಿ ಪೊಟ್ಯಾಶ್ ಇರುತ್ತದೆ, ಬೆಳೆಗೆ ಆಗುತ್ತದೆ ಎಂದೆ. ಕಬ್ಬಿನ ರೈತರು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಗಾಣ ನಂದು, ಕಟ್ಟಿಗಿ ನಂದು. ನೀರೂ ನಂದ."

"ಕುರಿ ನಂದು," ಎಂದರು ಅಧ್ಯಕ್ಷರು.

"ಕುರಿ ಒಯ್ಯಿ. ನೀರ ಬಿಡು."

ನೀರು ಅವರ ಕಬ್ಬಿಗೆ ಹೋಯಿತು.

ಸೆಪ್ಟೆಂಬರ್ ಎಣ್ಣೆಯ ತಿಂಗಳು. ಅಗಸೆ ಎಣ್ಣೆಯನ್ನು ಮಹಾಲಿಂಗಪುರದಿಂದ ತಂದು ಕಾಯಿಸಿ ದಪ್ಪ ಮಾಡಿದೆವು. ಪೇಟೆಯ ಎಣ್ಣೆ ಬಣ್ಣಗಳಲ್ಲಿ ಬೇಗ ಒಣಗಲು ಲೋಹದ ಉಪ್ಪುಗಳನ್ನು ಸೇರಿಸುತ್ತಾರೆ. ಹೊಳೆಗೆ ಇಳಿಯುವ ವಸ್ತುವಿಗೆ ಅವು ಬೇಡ ಎಂದು ನಾನೇ ಬಿಟ್ಟೆ. ಅದರ ಬೆಲೆ ಎಂದರೆ ಕಾಯುವುದು. ಮೋಡದ ದಿನಗಳಲ್ಲಿ ಪೊರೆ ಅಂಟಂಟಾಗಿಯೇ ಉಳಿಯಿತು. ಉಣ್ಣೆಯ ಎಳೆ, ಜೋಳದ ಒಣಗರಿಯ ರವದಿ, ಹುಳ, ಗಾಳಿಯಲ್ಲಿ ಬಂದದ್ದೆಲ್ಲ ಬಂದು ಕೂತಿತು. ಒಂದು ಕೋಳಿ ಸಾಲಾಗಿ ಮಲಗಿಸಿದ್ದ ಗೇಟುಗಳ ಮೇಲೆ ಈ ತುದಿಯಿಂದ ಆ ತುದಿಗೆ ನಡೆದುಹೋಯಿತು. ಹೆಜ್ಜೆಗಳು ಹಾಗೇ ಒಣಗಿದವು. ಅವುಗಳ ಮೇಲೆ ಇನ್ನೊಂದು ಕೈ ಎಣ್ಣೆ ಕೊಟ್ಟೆವು. ತಿಂಗಳ ಕೊನೆಯ ಬಿಸಿಲು ಕೆಲಸ ಮುಗಿಸಿಕೊಟ್ಟಿತು.

ಅಕ್ಟೋಬರ್‌ನ ಆ ಸೋಮವಾರ, ಅಂಚುಗಳಿಗೆ ಉಣ್ಣೆಯ ಜಿಡ್ಡನ್ನು ಬೆಚ್ಚಗೆ ಮಾಡಿ ಸವರಿ, ಸರಪಳಿಗೆ ಗೇಟು ಕಟ್ಟಿದರು. ಅಧ್ಯಕ್ಷರು ಬೀರೇಶ್ವರನ ಹೆಸರು ಹೇಳಿ ಭಂಡಾರ ಹಾರಿಸಿದರು. ಅರಿಶಿನವೆಲ್ಲ ಜಿಡ್ಡಿಗೆ ಅಂಟಿ ಗೇಟಿನ ಅಂಚು ಹಳದಿಯಾಯಿತು. ಹಿಂದಿನ ವರ್ಷಗಳಲ್ಲಿ ಗೇಟು ಸಂದಿನಲ್ಲಿ ಸಿಕ್ಕಿಕೊಂಡು, ಮೇಲೆ ನಿಂತು ಸುತ್ತಿಗೆಯಿಂದ ಬಡಿದು ಇಳಿಸುತ್ತಿದ್ದರಂತೆ. ಈ ಸಲ ಸುತ್ತಿಗೆ ಹಿಡಿದವರು ಕಾಯುತ್ತ ನಿಂತರು. ಗೇಟು ತನ್ನ ಭಾರಕ್ಕೇ ಸರ್ರನೆ ಇಳಿದು ತಳ ಮುಟ್ಟಿತು. ದಂಡೆಯ ಮೇಲಿನವರೆಲ್ಲ ಕೇಕೆ ಹಾಕಿದರು.

"ಸುತ್ತಿಗಿ ಮನಿಗೆ ಒಯ್ಯಿರಿ," ಎಂದರು ಅಧ್ಯಕ್ಷರು.

"ತಡಿಯಪಾ," ಎಂದರು ಕಬ್ಬಿನ ರೈತರು. "ಇಳದದ್ದು ಇಳೀತು. ಜೂನ್‌ದಾಗ ಎತ್ತಬೇಕು."

ಬೇಸಿಗೆಯಲ್ಲಿ ನಾನು ಎರಡು ಸಲ ಹೋದೆ. ಏಪ್ರಿಲ್‌ನಲ್ಲಿ ನೀರು ತಗ್ಗಿ ಗೇಟಿನ ಮೇಲಿನ ಸಾಲು ಕಾಣುತ್ತಿತ್ತು. ಕಪ್ಪಾಗಿಯೇ ಇತ್ತು. ಬೆಳಗಿದ ಆ ಒಂದು ಗೇಟು ಮಾತ್ರ ಕಂದು ಕಲೆ ತೋರಿಸುತ್ತಿತ್ತು. ನೀರಿನ ಮಾದರಿ ತೆಗೆದು ನೋಡಿದೆ. ಮೇಲೆ ಪೊರೆ ಇರಲಿಲ್ಲ. ಅಧ್ಯಕ್ಷರ ಹಿಂಡು ಇಳಿಜಾರಿನಲ್ಲಿ ಒತ್ತಾಗಿ ನಿಂತು ಕುಡಿಯುತ್ತಿತ್ತು. ಅವರು ಅದನ್ನು ನನಗೆ ತೋರಿಸಲಿಲ್ಲ, ನಾನು ನೋಡುವುದನ್ನು ನೋಡುತ್ತ ನಿಂತಿದ್ದರು.

ಈ ವರ್ಷ ಜೂನ್ ಮೊದಲ ವಾರ ಗೇಟುಗಳನ್ನು ಎತ್ತಿದರು. ದಂಡೆಯ ಮೇಲೆ ಸಾಲಾಗಿ ಮಲಗಿಸಿ, ಕೆಸರು ತೊಳೆದರು. ಊರಿನ ಬಹಳ ಜನ ಬಂದಿದ್ದರು. ಪರಿಶೀಲನೆ ಯಾರು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷರೇ ಕಬ್ಬಿನ ರೈತರ ಹೆಸರು ಹೇಳಿದರು. ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಒಂದೊಂದೇ ಗೇಟಿನ ಮೈ ಕೆರೆದರು, ಅಂಚು ಒತ್ತಿದರು, ಮೂಲೆ ಕುಟ್ಟಿ ಸದ್ದು ಕೇಳಿದರು. ಅಧ್ಯಕ್ಷರು ಕಂಬಳಿ ಹಾಸಿಕೊಂಡು ಮರದ ಕೆಳಗೆ ಕೂತಿದ್ದರು. ಅವರು ಗೇಟಿನ ಕಡೆ ನೋಡುತ್ತಿರಲಿಲ್ಲ.

ಬೆಳಗಿದ ಗೇಟಿನಲ್ಲಿ ಪೊರೆಯ ಕೆಳಗೆ ತುಕ್ಕು ಹರಡಿತ್ತು. ಬೇರೆ ಕೆಲವು ಗೇಟುಗಳ ವೆಲ್ಡಿಂಗ್ ಗೆರೆಯ ಉದ್ದಕ್ಕೆ ಸಣ್ಣ ಕೆಂಪು ಇತ್ತು. ಉಳಿದ ಮೈ ಕಪ್ಪಾಗಿ ಗಟ್ಟಿಯಾಗಿತ್ತು. ಜಿಡ್ಡು ಹಚ್ಚಿದ ಅಂಚುಗಳಲ್ಲಿ ಉಕ್ಕಿಗೆ ಏನೂ ಆಗಿರಲಿಲ್ಲ.

ಕಬ್ಬಿನ ರೈತರು ನನ್ನನ್ನು ಕರೆದು ವೆಲ್ಡಿಂಗ್ ಗೆರೆ ತೋರಿಸಿದರು. "ಇದೇನ್ರೀ?"

"ತುಕ್ಕು," ಎಂದೆ.

"ಎಷ್ಟ ಆಳ?"

"ಮ್ಯಾಲ ಮ್ಯಾಲ. ಅಲ್ಲಿ ಮೊದಲ ಒರಟ ಇರತೈತಿ, ಕಷಾಯ ಸರಿಯಾಗಿ ಕೂಡಿಲ್ಲ. ಮುಂದ ಎರಡ ಕೈ ಹೆಚ್ಚ ಕೊಡಬೇಕು."

ಅವರು ಸ್ಕ್ರೂಡ್ರೈವರ್ ಒರೆಸಿ ಜೇಬಿಗೆ ಇಟ್ಟುಕೊಂಡು ಮರದ ಕಡೆ ನಡೆದರು. "ಏ ಅಧ್ಯಕ್ಷ, ಏಳು. ಅಲ್ಲೊಂದಿಷ್ಟು ತುಕ್ಕ ಐತಿ. ಕುರ್ಚಿ ಬಿಡೂವಷ್ಟ ಇಲ್ಲ."

ಅಧ್ಯಕ್ಷರು ಏಳಲಿಲ್ಲ. "ಖರೆ ಹೇಳಾಕತ್ತೀಯೋ, ಚಾಷ್ಟಿ ಮಾಡಾಕತ್ತೀಯೋ?"

"ಚಾಷ್ಟಿ ಮಾಡಾಕ ನನಗ ಯಾಳೆ ಎಲ್ಲೈತಿ? ಗಾಣದ ತೊಟ್ಟಿ ಸೋರಾಕತ್ತೈತಿ, ಕುರಿ ತೊಳಿಯೂದರೊಳಗ ಸಿಮೆಂಟ ಹಾಕಸಬೇಕು."

ಆಮೇಲೆ ಅವರು ಎದ್ದರು. ಇಬ್ಬರೂ ಗೇಟುಗಳ ಸಾಲಿನ ಉದ್ದಕ್ಕೂ ನಡೆದರು. ಏನು ಮಾತಾಡಿದರೋ ನನಗೆ ಕೇಳಲಿಲ್ಲ. ದೂರದಿಂದ ನಗು ಕೇಳಿಸಿತು.

ಜುಲೈ ಸಭೆಯಲ್ಲಿ ಕಮಿಟಿ ಇದೇ ಲೇಪನವನ್ನು ಮುಂದುವರಿಸಲು ತೀರ್ಮಾನಿಸಿತು. ಗೇಟುಗಳನ್ನು ಬೆಳಗಬಾರದು, ವೆಲ್ಡಿಂಗ್ ಗೆರೆಗಳಿಗೆ ಕಷಾಯ ಹೆಚ್ಚು ಹಚ್ಚಬೇಕು ಎಂಬ ಎರಡು ಮಾತು ಸೇರಿಸಿದರು. ಮೇಲಿನ ದಂಡೆಯ ಊರಿನವರು ಬಂದು ಕಷಾಯ ಕುದಿಸುವುದನ್ನು ನೋಡಿಕೊಂಡು ಹೋಗಿದ್ದಾರೆ. ಈ ಸಾಲಿನ ಕುರಿ ತೊಳೆಯುವ ಕೆಲಸ ಕಳೆದ ವಾರ ಮುಗಿದಿದೆ. ಅಧ್ಯಕ್ಷರನ್ನು ಅದೇ ಜಾಗಕ್ಕೆ ಮತ್ತೆ ಆರಿಸಿದ್ದಾರೆ. ಹೆಸರು ಸೂಚಿಸಿದವರು ಕಬ್ಬಿನ ರೈತರು.